ಅಮ್ಮನ ಶ್ರುತಿ

ಮಾರ್ಚ್ 4

ಅಪ್ಪ,

ಕಾಗದ ನೋಡಿ ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ಫೋನಿನಲ್ಲಿ ನೀನು "ಹೂಂ" ಬಿಟ್ಟರೆ "ಸರಿ", "ಸರಿ" ಬಿಟ್ಟರೆ "ಇಡ್ಲಾ?" ಇಷ್ಟೇ ಮಾತಾಡುತ್ತೀಯ. ನಾಲ್ಕು ತಿಂಗಳಿಂದ ನಿನ್ನ ಹೂಂಗಳನ್ನು ಕೇಳಿ ಸಾಕಾಗಿದೆ. ಕಾಗದದ ಮೇಲೆ ಹೂಂ ಎಂದು ಬರೆದು ಕಳಿಸಲು ನಿನಗೂ ನಾಚಿಕೆಯಾದೀತು, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಕೆಲಸ ಹೇಳಿಕೊಳ್ಳುವಂಥದ್ದೇನಲ್ಲ. ಸ್ಟುಡಿಯೋದಲ್ಲಿ ಕೂತು ಬೇರೆಯವರ ಹಾಡಿಗೆ ಕಂಪ್ಯೂಟರಿನಿಂದ ತಾಳ ಕೂರಿಸುತ್ತೇನೆ. ಬೆಳಿಗ್ಗೆ ಟೂತ್‌ಪೇಸ್ಟ್ ಜಾಹೀರಾತು, ಮಧ್ಯಾಹ್ನ ಮಕ್ಕಳ ಹಾಡು. ಗೋಡೆಗೆಲ್ಲ ಬೂದು ಬಣ್ಣದ ಸ್ಪಂಜು ಅಂಟಿಸಿದ್ದಾರೆ. ಕೆಮ್ಮಿದರೆ ಕೆಮ್ಮು ಅಲ್ಲೇ ಬಿದ್ದು ಸಾಯುತ್ತದೆ. ನಿನ್ನ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಒಂದು ಚಮಚ ಬಿದ್ದರೂ ರಿಪೇರಿಗೆ ಬಂದು ಗೋಡೆಯಲ್ಲಿ ತೂಗುತ್ತಿದ್ದ ಪಿಟೀಲುಗಳೆಲ್ಲ ಗುಂಯ್ ಎನ್ನುತ್ತಿದ್ದವು. ಆ ಕೋಣೆಯಲ್ಲಿ ಅಭ್ಯಾಸ ಮಾಡಿದ್ದಕ್ಕೇ ತಾನೆ ಉದ್ದಣ್ಣ ನಮ್ಮ ಬ್ಯಾಂಡಿಗೆ 'ಮೆಟ್ಟಿಲ ಕೆಳಗೆ' ಎಂದು ಹೆಸರಿಟ್ಟದ್ದು. ಪಾಪ, ಗಿಟಾರ್ ಹಿಡಿದು ಹಾಡುತ್ತಾ ಹುಮ್ಮಸ್ಸು ಬಂದಾಗಲೆಲ್ಲ ಅವನ ತಲೆ ಮೆಟ್ಟಿಲಿಗೆ ತಾಗುತ್ತಿತ್ತು. ಅವನ ಹಾಡು, ಅಕ್ಕನ ಪಿಟೀಲು, ನನ್ನ ಲ್ಯಾಪ್‌ಟಾಪ್. "ಶಾಸ್ತ್ರೀಯ ಪಿಟೀಲಿಗೂ ಈ ಢಬಢಬಕ್ಕೂ ಏನ್ ಸಂಬಂಧ?" ಎಂದು ನೀನು ಬಾಗಿಲಲ್ಲಿ ನಿಂತು ಗೊಣಗಿ, ಆಮೇಲೆ ಅಲ್ಲೇ ಸ್ಟೂಲು ಎಳೆದುಕೊಂಡು ಪೂರ್ತಿ ಕೇಳಿ ಏಳುತ್ತಿದ್ದೆ.

ಆ ಸಂಜೆಯ ಬಗ್ಗೆ ನಾವಿಬ್ಬರೂ ಬಾಯಿ ಬಿಟ್ಟು ಮಾತಾಡಿಲ್ಲ. ನೀನು ಸಭಾಂಗಣಕ್ಕೆ ಬಂದಿರಲಿಲ್ಲ. ಅಕ್ಕ ನಿನಗೆ ಏನು ಹೇಳಿದ್ದಾಳೋ, ಹೇಳಿದ್ದಾಳೋ ಇಲ್ಲವೋ. ನಾನೇ ಬರೆದುಬಿಡುತ್ತೇನೆ.

ಅಮ್ಮನ ಪಿಟೀಲನ್ನು ಎಲ್ಲರ ಶ್ರುತಿಗೆ ಎಳೆಯಬಾರದು, ಅರ್ಧ ಮನೆ, ಅಂದರೆ ಅರ್ಧ ಸ್ವರದಷ್ಟು, ಕೆಳಗೇ ಇರಬೇಕು ಎನ್ನುವುದು ನಾನು ಚಿಕ್ಕವಳಿದ್ದಾಗಿನಿಂದ ಕೇಳಿಕೊಂಡು ಬಂದ ಮಾತು. ಅಮ್ಮ ತೀರಿಹೋಗಿ ಅದು ಅಕ್ಕನ ಕೈಗೆ ಬಂದ ಮೇಲಂತೂ ಅದು ಮನೆಯ ಕಾನೂನೇ ಆಯಿತು. ನನ್ನ ತಾಳ ಬರೀ ಢಬಢಬ ಅಲ್ಲವಲ್ಲ, ಅದರೊಳಗೂ ಸ್ವರಗಳಿರುತ್ತವೆ. ಹಾಗಾಗಿ ಪ್ರತಿ ಹಾಡನ್ನೂ ಮೊದಲು ಎಲ್ಲರ ಶ್ರುತಿಯಲ್ಲಿ ಮಾಡಿ, ಆಮೇಲೆ ಅರ್ಧ ಮನೆ ಇಳಿಸಿ ಇನ್ನೊಂದು ಪ್ರತಿ ಮಾಡುತ್ತಿದ್ದೆ. ಲ್ಯಾಪ್‌ಟಾಪಿನಲ್ಲಿ ಎರಡು ಫೋಲ್ಡರ್. ಒಂದರ ಹೆಸರು 'ಲೋಕ', ಇನ್ನೊಂದರದು 'ಅಮ್ಮ'. ವೇದಿಕೆಗೆ ಯಾವಾಗಲೂ 'ಅಮ್ಮ'.

ಅವತ್ತು ತಪ್ಪಿ 'ಲೋಕ' ತೆರೆದೆ. ಮೊದಲ ಹಾಡು ನನ್ನ ತಾಳದಿಂದಲೇ ಶುರು, ಅರ್ಧ ನಿಮಿಷ ಬೇರೆ ಯಾರೂ ನುಡಿಸುವುದಿಲ್ಲ. ಉದ್ದಣ್ಣ ಗಿಟಾರಿನ ತಂತಿ ಅದುಮುವ ಕ್ಲಿಪ್ಪನ್ನು ಒಂದು ಪಟ್ಟಿ ಮೇಲೆ ಸರಿಸಿ, ಶ್ರುತಿ ಏರಿಸಿ ಸುಧಾರಿಸಿಕೊಂಡ. ಅಕ್ಕ ಬಿರಡೆ ತಿರುಗಿಸಿ ತಂತಿ ಎಳೆದಳು, ನಾಲ್ಕನ್ನೂ. ಮೊದಲ ಹಾಡು ಆಯಿತು. ಎರಡನೆಯದರ ನಡುವೆ ಪಿಟೀಲಿನ ಮೇಲ್ಹಲಗೆ ಚಟ್ಟೆಂದಿತು. ಜನ ಅದೂ ತಾಳವೇ ಎಂದುಕೊಂಡು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಇವತ್ತಿಗೂ ಕಿವಿಯಿಂದ ಹೋಗಿಲ್ಲ ಅಪ್ಪ.

ಒಳಗೆ ಬಂದ ಮೇಲೆ ಅವಳು ಹೇಳಿದ್ದು ಒಂದೇ ಮಾತು: "ಇನ್ಮೇಲೆ ನನ್ನ ಹತ್ರ ಮಾತಾಡ್ಬೇಡ." ಹಟಮಾರಿ, ಹೇಳಿದ ಹಾಗೇ ನಡೆದುಕೊಂಡಳು.

ಪಿಟೀಲು ಸರಿಹೋಗುತ್ತದಾ? ಅವಳು ನುಡಿಸುತ್ತಾಳಾ? ನನಗೆ ತುಂಬಾ ಬೇಜಾರಾಗಿದೆ ಎಂದು ಅಕ್ಕನಿಗೆ ಹೇಳು.

ನಿನ್ನ
ಟಕಟಕಿ

ಮಾರ್ಚ್ 19

ಟಕಟಕಿಗೆ,

ಕಾಗದ ಬಂತು. ಹೂಂ.

ಬರೆಯಲು ನಾಚಿಕೆಯೇನೂ ಆಗಲಿಲ್ಲ.

ನಾನು ಆರಾಮ. ಮೊಣಕಾಲು ಮಾತ್ರ ಮೆಟ್ಟಿಲಿನಷ್ಟೇ ಕಿರುಗುಟ್ಟುತ್ತದೆ. ಅಕ್ಕ ಬೆಳಿಗ್ಗೆ ಶಾಲೆಗೆ ಹೋಗಿ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಸಂಜೆ ಬರುತ್ತಾಳೆ. ಸಂಜೆ ಪಿಟೀಲು ಕಲಿಯಲು ಬರುತ್ತಿದ್ದ ಮೂವರಿಗೂ ಬರಬೇಡಿ ಎಂದಿದ್ದಾಳೆ. ಅಮ್ಮನ ಪಿಟೀಲಿನ ಪೆಟ್ಟಿಗೆ ಅವಳ ಕಪಾಟಿನಲ್ಲಿದೆ, ಕೀಲಿ ಅವಳ ಹತ್ತಿರ. "ಒಂದ್ಸಲ ತೋರ್ಸೇ, ಎಷ್ಟು ಬಿಟ್ಟಿದೆ ನೋಡ್ತೀನಿ" ಅಂದೆ. "ನೋಡೋದೇನೂ ಇಲ್ಲಪ್ಪ" ಅಂದಳು. ನಲವತ್ತು ವರ್ಷ ಕಂಡವರ ಪಿಟೀಲುಗಳನ್ನೆಲ್ಲ ಬಿಚ್ಚಿ ಜೋಡಿಸಿದವನಿಗೆ ಮನೆಯ ಪಿಟೀಲು ಮುಟ್ಟಲು ಅಪ್ಪಣೆಯಿಲ್ಲ.

ನೀನು ಹೇಳು ಎಂದದ್ದನ್ನು ಹೇಳಿದೆ. ತಟ್ಟೆ ತೊಳೆಯುತ್ತಿದ್ದಳು. ತೊಳೆದ ತಟ್ಟೆಯನ್ನೇ ಇನ್ನೊಮ್ಮೆ ತೊಳೆದಳು.

ನಿಮ್ಮಿಬ್ಬರ ಗುಟ್ಟುಗಳು ನನಗೆ ತಿಳಿಯುವುದಿಲ್ಲ. ಆ ಕಾರ್ಯಕ್ರಮದ ವಾರ ಕೋಣೆಯ ಮೂರನೇ ಮೊಳೆಯಲ್ಲಿದ್ದ ಪಿಟೀಲು ಕಾಣೆಯಾಗಿತ್ತು. ಕಾರ್ಯಕ್ರಮ ಮುಗಿದು ಎರಡು ದಿನ ಬಿಟ್ಟು ಅಕ್ಕನೇ ತಂದು ತೂಗುಹಾಕಿದಳು. ಯಾಕೆ ಒಯ್ದಿದ್ದೆ ಎಂದು ನಾನು ಕೇಳಲಿಲ್ಲ, ಅವಳ ಮುಖ ಕೇಳುವ ಹಾಗಿರಲಿಲ್ಲ.

ಒಂದು ವಿಷಯ. ನೀವು ಕಾರ್ಯಕ್ರಮಗಳನ್ನೆಲ್ಲ ರೆಕಾರ್ಡ್ ಮಾಡಿಕೊಳ್ಳುತ್ತಿದ್ದಿರಿ. ಆ ಸಂಜೆಯದು ಇದೆಯೇ? ಅಂಟು ಬಿಡುವ ಸದ್ದು ಬೇರೆ, ಮರ ಸೀಳುವ ಸದ್ದು ಬೇರೆ. ಅಂಟು ಬಿಟ್ಟಿದ್ದರೆ ಎರಡು ದಿನದ ಕೆಲಸ, ಹೊಸದರ ಹಾಗೆ ಕೂರಿಸಿಕೊಡುತ್ತೇನೆ. ಪೆಟ್ಟಿಗೆ ಸಿಗದಿದ್ದರೆ ಹೋಗಲಿ, ಸದ್ದನ್ನಾದರೂ ಕೇಳುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಪ್ಪ

ಏಪ್ರಿಲ್ 2

ಅಪ್ಪ,

ಒಂದು ಪೆನ್ ಡ್ರೈವ್ ಕಳಿಸಿದ್ದೇನೆ, ಕಾಗದದ ಜೊತೆಗೇ ಇದೆ. ಎದುರು ಅಂಗಡಿಯ ಟೈಲರ್ ಮಾಮನ ಹತ್ತಿರ ಹಾಡು ಕೇಳುವ ಡಬ್ಬಿ ಇದೆಯಲ್ಲ, ಅದರ ಬೆನ್ನಿಗೆ ಚುಚ್ಚಲು ಹೇಳು. ಒಂಬತ್ತು ನಿಮಿಷ ಆದ ಮೇಲೆ ಆ ಸದ್ದು ಬರುತ್ತದೆ. ನೀನು ಒಬ್ಬನೇ ಕೇಳು, ಅಕ್ಕನಿಗೆ ಕೇಳಿಸಬೇಡ.

ಇದನ್ನು ಪ್ರತಿ ಮಾಡುವಾಗ ಸ್ಟುಡಿಯೋದ ಯಜಮಾನರು ಹಿಂದೆ ಬಂದು ನಿಂತಿದ್ದು ಗೊತ್ತಾಗಲಿಲ್ಲ. "ಏನ್ ಬೀಟ್ ಅಮ್ಮಾ ಇದು! ಎಲ್ಲಿಂದ ತಂದೆ? ನಮ್ಮ ಹೊಸ ಹಾಡಿಗೆ ಹಾಕೋಣ" ಅಂದರು.

"ಅದು ಬೀಟ್ ಅಲ್ಲ ಸರ್, ನಮ್ಮಕ್ಕ" ಅಂದೆ.

ಅವರು ನನ್ನ ಮುಖ ನೋಡಿ ಟೀ ಕುಡಿಯಲು ಹೋದರು. ಇಲ್ಲಿ ಎಲ್ಲರೂ ನನಗೆ ಸ್ವಲ್ಪ ತಿಕ್ಕಲು ಎಂದುಕೊಂಡಿದ್ದಾರೆ, ಅದೂ ಒಂದು ಅನುಕೂಲವೇ.

ಅಂಟು ಬಿಟ್ಟ ಸದ್ದೇ ಆಗಿರಲಿ. ಎರಡು ದಿನದ ಕೆಲಸ ಎಂದು ನೀನು ಬರೆದ ಸಾಲನ್ನು ಎಷ್ಟು ಸಲ ಓದಿದೆನೋ. ಅದು ಸರಿಹೋದರೆ ಅಕ್ಕ ಒಂದು ದಿನ ನುಡಿಸುತ್ತಾಳೆ, ನುಡಿಸಿದರೆ ಒಂದು ದಿನ ಮಾತಾಡುತ್ತಾಳೆ, ಇಷ್ಟೇ ನನ್ನ ಲೆಕ್ಕಾಚಾರ. ಚಿಕ್ಕವರಿದ್ದಾಗ ನಾನು ಚಮಚದಲ್ಲಿ ಪಾತ್ರೆ ಬಡಿಯುತ್ತಿದ್ದರೆ ನೀವೆಲ್ಲ ಕಿವಿ ಮುಚ್ಚಿಕೊಳ್ಳುತ್ತಿದ್ದಿರಿ. ಅವಳೊಬ್ಬಳು ಪಿಟೀಲು ತಂದು ಆ ಬಡಿತಕ್ಕೆ ಸರಿಯಾಗಿ ನುಡಿಸುತ್ತಿದ್ದಳು. ನನ್ನ ಗಲಾಟೆಗೆ ತಾಳ ಎಂದು ಹೆಸರು ಕೊಟ್ಟವಳೇ ಅವಳು.

ನಾನು ಕೇಳಿದೆ ಎಂದು ಅಕ್ಕನಿಗೆ ಹೇಳು.

ನಿನ್ನ
ಟಕಟಕಿ

ಏಪ್ರಿಲ್ 30

ಅಪ್ಪ,

ಪೆನ್ ಡ್ರೈವ್ ತಲುಪಿತಾ? ಫೋನ್ ಮಾಡಿದರೆ ಹೂಂ ಕೂಡ ಅನ್ನದೆ ಟೈಲರ್ ಮಾಮನ ಕೈಗೆ ಕೊಟ್ಟೆಯಂತೆ. ಅವರು ಹವಾಮಾನದ ಬಗ್ಗೆ ಹತ್ತು ನಿಮಿಷ ಮಾತಾಡಿ ಇಟ್ಟರು.

ಕೆಟ್ಟ ಸುದ್ದಿಯಾದರೂ ಪರವಾಗಿಲ್ಲ, ಬರೆ.

ಟಕಟಕಿ

ಜೂನ್ 8

ಮಗಳೇ,

ಎರಡು ತಿಂಗಳು ಸತಾಯಿಸಿದೆ. ಬೈದುಕೋ, ಆದರೆ ಪೂರ್ತಿ ಓದಿ ಆಮೇಲೆ ಬೈದುಕೋ.

ನಿನ್ನ ಕಾಗದ ಬಂದ ದಿನವೇ ಟೈಲರ್ ಅಂಗಡಿಗೆ ಹೋದೆ. ಅವನು ಹೊಲಿಗೆ ಮೆಷಿನ್ ನಿಲ್ಲಿಸಿ ತಾನೂ ಕೇಳಲು ಕೂತ. ನಿಮ್ಮ ಮೊದಲ ಹಾಡು ಚೆನ್ನಾಗಿದೆ. ಎರಡನೆಯದರಲ್ಲಿ ಆ ಸದ್ದು ಬಂತು. "ಈ ಚಟ್ ಅನ್ನೋದು ಭಲೇ ಇದೆ, ಇನ್ನೊಂದ್ಸಲ ಹಾಕ್ಲಾ?" ಎಂದು ಕೇಳಿದ. ಹಾಕು ಅಂದೆ. ಮೂರು ಸಲ ಕೇಳಿದೆ. ಅಂಟು ಬಿಟ್ಟರೆ ಅದು ಮೆತ್ತಗೆ ತುಟಿ ಬಿಚ್ಚಿದ ಹಾಗೆ ಕೇಳಿಸುತ್ತದೆ. ಇದು ಮರ ಸೀಳಿದ್ದು. ಯಾಕೆ ಸೀಳಿತು ಎನ್ನುವುದು ನನಗೆ ಅಲ್ಲೇ ಕೂತಲ್ಲೇ ಗೊತ್ತಾಯಿತು.

ನೀನು ಆಗ ತೊಟ್ಟಿಲಲ್ಲಿದ್ದೆ. ಅಮ್ಮನ ಪಿಟೀಲಿನ ಮೇಲ್ಹಲಗೆ ನಟ್ಟನಡುವಿನ ಜೋಡಣೆಯಲ್ಲಿ ಬಿಟ್ಟುಕೊಂಡಿತ್ತು. ಅವತ್ತೇ ಸಂಜೆ ಅವಳು ರೇಡಿಯೋದಲ್ಲಿ ನುಡಿಸುವುದಿತ್ತು. ನಮ್ಮ ಕಸುಬಿನಲ್ಲಿ ಅದಕ್ಕೆ ತೊಗಲಿನ ಅಂಟನ್ನೇ ಹಾಕಬೇಕು. ನೆನೆಸಬೇಕು, ಹದವಾಗಿ ಕಾಯಿಸಬೇಕು, ಹಚ್ಚಿದ ಮೇಲೆ ಒಂದಿಡೀ ದಿನ ಬಿಗಿದಿಡಬೇಕು. ಆ ಅಂಟಿನ ಗುಣವೇನೆಂದರೆ, ಮರದ ಮೇಲೆ ಎಳೆತ ಹೆಚ್ಚಾದಾಗ ಮೊದಲು ತಾನು ಬಿಟ್ಟುಕೊಡುತ್ತದೆ, ಮರ ಉಳಿಯುತ್ತದೆ. ಬಿಟ್ಟದ್ದನ್ನು ಮತ್ತೆ ಕೂಡಿಸಬಹುದು. ನಾನು ಅವಸರಕ್ಕೆ ಬಡಗಿಗಳ ಬಿಳಿ ಅಂಟು ಹಾಕಿದೆ. ಅದು ಬೇಗ ಒಣಗುತ್ತದೆ, ಮತ್ತೆ ಜನ್ಮದಲ್ಲಿ ಬಿಡುವುದಿಲ್ಲ. ಪರರ ಪಿಟೀಲಿಗೆ ಹೀಗೆ ಮಾಡುವ ಧೈರ್ಯ ನನಗಿರಲಿಲ್ಲ. ಮನೆಯದೇ ತಾನೆ, ಆಮೇಲೆ ಬಿಚ್ಚಿ ಸರಿಮಾಡೋಣ ಎಂದುಕೊಂಡೆ. ಆ ಆಮೇಲೆ ಬರಲೇ ಇಲ್ಲ.

ನನ್ನ ಜೋಡಣೆಯ ಮೇಲೆ ನನಗೇ ನಂಬಿಕೆ ಇರಲಿಲ್ಲ. "ಹಳೇ ಮರ ಕಣೇ, ಮೇಲಕ್ಕೆ ಎಳೀಬೇಡ, ಅರ್ಧ ಮನೆ ಇಳಿಸ್ಕೋ" ಎಂದು ಅಮ್ಮನಿಗೆ ಹೇಳಿದೆ. ಅವಳು ನಂಬಿದಳು. "ಇಳಿಸಿದ್ಮೇಲೆ ಇದರ ದನಿ ಎಷ್ಟು ಚೆನ್ನಾಗಿದೆ ನೋಡ್ರೀ" ಎಂದು ಸಂತೋಷಪಟ್ಟಳು. ಅವಳು ಹೋದ ಮೇಲೆ ನೀವಿಬ್ಬರೂ ಅದಕ್ಕೆ ಅಮ್ಮನ ಶ್ರುತಿ ಎಂದು ಹೆಸರಿಟ್ಟಿರಿ. ನಿಮ್ಮ ಹಾಡುಗಳಿಗೆ ಆ ತಗ್ಗಿದ ದನಿಯೇ ಚೆಂದ ಎಂದು ಜನ ಹೊಗಳಿದಾಗ ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದೇನೆ. ಅದು ಅಮ್ಮನ ಶ್ರುತಿಯಲ್ಲ. ಅದು ನನ್ನ ಸೋಮಾರಿತನ.

ಅಕ್ಕನಿಗೆ ಹೇಳಲು ಇಷ್ಟು ದಿನ ಬೇಕಾಯಿತು. ಕಳೆದ ಭಾನುವಾರ ಹೇಳಿದೆ. ಪೂರ್ತಿ ಕೇಳಿದಳು, ಎದ್ದು ಹೋಗಿ ಕಪಾಟು ತೆಗೆದು ಪೆಟ್ಟಿಗೆಯನ್ನು ತಂದು ನನ್ನ ಮೇಜಿನ ಮೇಲಿಟ್ಟು ಹೋದಳು. ಸೀಳು ಜೋಡಣೆಯಿಂದ ಒಂದು ಬೆರಳು ಆಚೆಗಿದೆ, ಉದ್ದಕ್ಕೂ. ನಾನು ಅಂಟಿಸಿದ ಜಾಗ ಮಾತ್ರ ಕಲ್ಲಿನಂತೆ ಕೂತಿದೆ. ರಿಪೇರಿ ಮಾಡುತ್ತಿದ್ದೇನೆ. ಈ ಸಲ ಅಂಟನ್ನು ಎರಡು ದಿನ ನೆನೆಸಿದ್ದೇನೆ. ಆದರೆ ದನಿ ಮೊದಲಿನಂತೆ ಬರುವುದಿಲ್ಲ, ಆ ಆಸೆ ಇಟ್ಟುಕೊಳ್ಳಬೇಡ.

ನೀನು ಒಂದು ಗುಂಡಿ ತಪ್ಪಿ ಒತ್ತಿದ್ದಕ್ಕೆ ಏಳು ತಿಂಗಳು ಊರು ಬಿಟ್ಟು ಕೂತೆ. ಅನುಮಾನ ಮೊದಲಿನಿಂದ ಇದ್ದರೂ ನಾನು ಬಾಯಿಗೆ ಬೀಗ ಹಾಕಿಕೊಂಡು ನೋಡುತ್ತಿದ್ದೆ. ನಿನ್ನದೇನೂ ತಪ್ಪಿಲ್ಲ ಮಗಳೇ.

ಅಪ್ಪ

ಜೂನ್ 20

ಅಪ್ಪ,

ನಿನ್ನ ಕೊನೆಯ ಸಾಲನ್ನು ನಾನು ನುಂಗಲಾರೆ. ನನ್ನ ತಪ್ಪಿದೆ. ಇದನ್ನು ಓದಿ ಅಕ್ಕನಿಗೆ ಕೊಡು. ಹೇಳಬೇಡ, ಕಾಗದವನ್ನೇ ಕೊಡು.

ಆ ಸಂಜೆಗೆ ಮೂರು ದಿನ ಮೊದಲು ಸಂಗೀತೋತ್ಸವದವರೊಬ್ಬರು ನನಗೆ ಫೋನ್ ಮಾಡಿದ್ದರು. ಮುಂದಿನ ಸಾಲಿನಲ್ಲಿ ಕೂತು ಕೇಳುತ್ತೇವೆ, ಹಿಡಿಸಿದರೆ ದೊಡ್ಡ ವೇದಿಕೆ ಕೊಡುತ್ತೇವೆ ಎಂದರು. "ನಿಮ್ಮ ಪಿಟೀಲು ಚೆನ್ನಾಗಿದೆ, ಆದ್ರೆ ತಾಳ ಸ್ವಲ್ಪ ಮಂಕು" ಎಂದರು. ಮಂಕೇ. ಅರ್ಧ ಮನೆ ಇಳಿಸಿದರೆ ನನ್ನ ಸದ್ದುಗಳೆಲ್ಲ ಕಂಬಳಿ ಹೊದ್ದುಕೊಂಡ ಹಾಗಾಗುತ್ತವೆ. 'ಲೋಕ'ದಲ್ಲಿ ಅವು ಹೇಗೆ ಹೊಳೆಯುತ್ತಿದ್ದವು ಎಂದು ನನ್ನ ಹೊರತು ಯಾರೂ ಕೇಳಿರಲಿಲ್ಲ. ಜನ ಅಕ್ಕನನ್ನು ಹೊಗಳುತ್ತಿದ್ದರು, ಉದ್ದಣ್ಣನ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದರು, ನನ್ನ ಹತ್ತಿರ ಬಂದು "ಈ ವೈರ್ ತೆಗೀಬಹುದಾ?" ಎಂದು ಕೇಳುತ್ತಿದ್ದರು. ಹೊಟ್ಟೆಕಿಚ್ಚು ಅಪ್ಪ, ಬೇರೆ ಹೆಸರಿಲ್ಲ ಅದಕ್ಕೆ.

ಕೇಳಿದ್ದರೆ ಅಕ್ಕ ಬೇಡ ಎನ್ನುತ್ತಾಳೆ ಎಂದು ನಾನೇ ತೀರ್ಮಾನಿಸಿದೆ. ಅದಕ್ಕೇ ಕೇಳಲಿಲ್ಲ. ಅರ್ಧ ಮನೆ ತಾನೆ, ಒಂದು ಸಂಜೆ ತಡೆಯುತ್ತದೆ ಎಂದುಕೊಂಡು ಬೇಕೆಂದೇ 'ಲೋಕ' ತೆರೆದೆ. ಅವಳು ಬಿರಡೆಗೆ ಕೈ ಹಾಕಿದ್ದು ಕಂಡಿತು. ನಿಲ್ಲಿಸುವ ಗುಂಡಿಯ ಮೇಲೇ ನನ್ನ ಬೆರಳಿತ್ತು. ತಲೆ ಎತ್ತದೆ ಪರದೆ ನೋಡುತ್ತಾ ಕೂತೆ.

ಆಮೇಲೆ ತಪ್ಪಾಯಿತು, ಮರೆತೆ, ಗಡಿಬಿಡಿ ಎಂದು ಎಲ್ಲರಿಗೂ ಹೇಳಿದೆ. ನಿನಗೂ ಕಾಗದದಲ್ಲಿ ಅದನ್ನೇ ಬರೆದೆ. ಹೊಟ್ಟೆಗೆ ಹಾಕಿಕೋ ಎಂದು ಕೇಳುವ ಮುಖವೂ ನನಗಿಲ್ಲ. ಆದರೂ ಕೇಳುತ್ತಿದ್ದೇನೆ, ಅಕ್ಕನನ್ನು.

ಟಕಟಕಿ

ಆಗಸ್ಟ್ 27

ಟಕಟಕಿ,

ಅಪ್ಪ ನಿನ್ನ ಕಾಗದ ಕೊಟ್ಟು ಎರಡು ತಿಂಗಳಾಯಿತು. ಓದಿದ ದಿನವೇ ಉತ್ತರ ಬರೆಯಲು ಕೂತೆ, ಆಗಲಿಲ್ಲ. ಈಗ ಶಾಲೆಯ ಸ್ಟಾಫ್ ರೂಮಿನಲ್ಲಿ ಕೂತಿದ್ದೇನೆ, ಪಕ್ಕದಲ್ಲಿ ತಿದ್ದಬೇಕಾದ ಮೂವತ್ತೆಂಟು ನೋಟ್‌ಬುಕ್ಕುಗಳಿವೆ. ಅವುಗಳಿಂದ ತಪ್ಪಿಸಿಕೊಳ್ಳಲಾದರೂ ಬರೆಯುತ್ತೇನೆ.

ನೀನು ತಪ್ಪಿ ಒತ್ತಿದ್ದಲ್ಲ ಎಂದು ನನಗೆ ಅವತ್ತೇ ಗೊತ್ತಿತ್ತು. ತಪ್ಪಾದಾಗ ನೀನು ನಾಲಿಗೆ ಕಚ್ಚಿಕೊಳ್ಳುತ್ತೀಯ, ಚಿಕ್ಕಂದಿನಿಂದ. ಅವತ್ತು ಕಚ್ಚಿಕೊಳ್ಳಲಿಲ್ಲ.

ನೀನು ಬರೆದದ್ದರಲ್ಲಿ ನನಗೆ ತಡೆಯಲಾಗದೆ ಹೋದದ್ದು ಒಂದೇ ಸಾಲು. ಕೇಳಿದ್ದರೆ ನಾನು ಬೇಡ ಎನ್ನುತ್ತಿದ್ದೆ ಎಂದು ಬರೆದಿದ್ದೀಯ. ಆ ಸಂಜೆ ವೇದಿಕೆಯ ಪಕ್ಕದ ಪರದೆಯ ಹಿಂದೆ, ಮಡಚುವ ಕುರ್ಚಿಯ ಮೇಲೆ ಇನ್ನೊಂದು ಪಿಟೀಲಿತ್ತು. ಅಪ್ಪನ ಕೋಣೆಯ ಮೂರನೇ ಮೊಳೆಯದು. ಎಲ್ಲರ ಶ್ರುತಿಗೆ ಕೂಡಿಸಿ ಇಟ್ಟಿದ್ದೆ. ಎಷ್ಟೋ ತಿಂಗಳಿಂದ ನೀನು ಮುಖ ಸಣ್ಣ ಮಾಡಿಕೊಂಡು ತಿರುಗುತ್ತಿದ್ದದ್ದು ನನಗೆ ಕಾಣದೆ ಇರುತ್ತದಾ? ಒಂದು ದಿನ ನೀನು ಹೊರಗೆ ಹೋದಾಗ ನಿನ್ನ 'ಲೋಕ' ಫೋಲ್ಡರ್ ತೆರೆದು ಕೇಳಿದ್ದೆ. ನಿಜಕ್ಕೂ ಚೆನ್ನಾಗಿತ್ತು. ನಾನು ಒಂದು ವಾರ ಆ ಪಿಟೀಲಿನಲ್ಲಿ ಶಾಲೆಯ ಖಾಲಿ ಕೋಣೆಯಲ್ಲಿ ಅಭ್ಯಾಸ ಮಾಡಿದೆ. ಕೊನೆಯ ಹಾಡಿಗೆ ಅದನ್ನು ಎತ್ತಿಕೊಂಡು ಬಂದು "ಟಕಟಕಿ, ಲೋಕ ಹಾಕೇ" ಎಂದು ಹೇಳಿ ನಿನ್ನನ್ನು ಬೆಚ್ಚಿಬೀಳಿಸಬೇಕು ಎಂದಿತ್ತು.

ನೀನು ಮೊದಲ ಹಾಡಿಗೇ ಹಾಕಿದೆ, ಹೇಳದೆ, ಕೇಳದೆ.

ಈಗ ನನ್ನದು ಹೇಳುತ್ತೇನೆ. ಆ ಕುರ್ಚಿ ನಾನು ನಿಂತ ಜಾಗದಿಂದ ಹತ್ತು ಹೆಜ್ಜೆ ಅಷ್ಟೇ. ಅರ್ಧ ನಿಮಿಷದಲ್ಲಿ ಹೋಗಿ ತರಬಹುದಿತ್ತು. ಹೋಗಲಿಲ್ಲ. ಅಷ್ಟು ಸಿಟ್ಟು ಬಂತು. ಇವಳ ಕಣ್ಣೆದುರೇ ಎಳೆಯುತ್ತೇನೆ, ನೋಡಲಿ ಎಂದು ಬಿರಡೆ ತಿರುಗಿಸಿದೆ. ಒಂದೊಂದು ತಂತಿಗೂ ನಿನ್ನ ಮುಖ ನೋಡಿದೆ. ನೀನು ಒಂದು ಸಲ ತಲೆ ಎತ್ತಿದ್ದರೆ ನಿಲ್ಲಿಸುತ್ತಿದ್ದೆ. ಎರಡನೇ ಹಾಡಿಗೆ ಮುಂಚೆಯೂ ಹೋಗಬಹುದಿತ್ತು, ಆಗಲೂ ಹೋಗಲಿಲ್ಲ. ಅಮ್ಮನ ಪಿಟೀಲನ್ನು ನಿನಗೆ ಪಾಠ ಕಲಿಸಲು ಬಳಸಿದೆ. ಅದನ್ನು ಯಾರ ಹತ್ತಿರವೂ ಹೇಳಲಾಗದೆ ಪೆಟ್ಟಿಗೆಗೆ ಬೀಗ ಹಾಕಿ, ತಪ್ಪೆಲ್ಲ ನಿನ್ನದು ಎನ್ನುವ ಹಾಗೆ ತಿರುಗಾಡಿದೆ. ಅಪ್ಪ ತನ್ನ ಅಂಟಿನ ಕಥೆ ಹೇಳಿ ಅತ್ತಾಗಲೂ ನಾನು ಬಾಯಿ ಬಿಡಲಿಲ್ಲ. ನಿನ್ನ ಕಾಗದ ಓದಿದ ಮೇಲೆ ಹೇಳಿದೆ. "ಹೂಂ" ಅಂದ, ಹೋಗಿ ಕುದುರೆ ಕೆತ್ತಲು ಕೂತ. ತಂತಿಗಳ ಕೆಳಗೆ ನಿಲ್ಲಿಸುವ ಆ ಚೂರು ಮರವನ್ನು ಕೆತ್ತಲು ಅವನಿಗೆ ನಾಲ್ಕು ದಿನ ಹಿಡಿಯಿತು.

ಉದ್ದಣ್ಣ ಸಿಕ್ಕಿದ್ದ. ಬೇರೆ ಬ್ಯಾಂಡ್ ಸೇರಿದ್ದಾನೆ. ಅಲ್ಲಿ ಅಭ್ಯಾಸದ ಕೋಣೆ ದೊಡ್ಡದಂತೆ, ತಲೆಗೆ ಏನೂ ತಾಗುವುದಿಲ್ಲವಂತೆ. ಹೇಳುವಾಗ ಹಣೆ ಸವರಿಕೊಂಡ. ನಮ್ಮ ಬ್ಯಾಂಡ್ ಮುಗಿಯಿತು, ಅದರಲ್ಲಿ ಇಬ್ಬರಿಗೂ ಅನುಮಾನ ಬೇಡ.

ಪಿಟೀಲು ಕಳೆದ ವಾರ ಸಿದ್ಧವಾಯಿತು. ಈಗ ಒಂದು ಮನೆ ಪೂರ್ತಿ ಇಳಿಸಿದರೇ ಸುಮ್ಮನಿರುತ್ತದೆ. ನುಡಿಸಿ ನೋಡಿದೆ. ದನಿ ಕೆಟ್ಟದೇನಿಲ್ಲ, ಆದರೆ ಅದಕ್ಕೆ ನಾನು ಗೊತ್ತಿಲ್ಲ, ನನಗೆ ಅದು ಗೊತ್ತಿಲ್ಲ. ಅಪ್ಪ ಪಕ್ಕದಲ್ಲಿ ನಿಂತು ನೆಲ ನೋಡುತ್ತಿದ್ದ. "ಚೆನ್ನಾಗಿದೆಯಪ್ಪ" ಅಂದೆ. ನಾನು ಸುಳ್ಳು ಹೇಳಿದ್ದು ಅವನಿಗೆ ಗೊತ್ತಾಯಿತು.

ಅದರ ಹಳೆಯ ದನಿ ಈಗ ಇರುವುದು ನಿನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ. ಅಭ್ಯಾಸ ಮಾಡುವಾಗ ನೀನು ರೆಕಾರ್ಡ್ ಮಾಡಿ 'ಅಮ್ಮ' ಫೋಲ್ಡರಿನಲ್ಲಿ ಇಟ್ಟದ್ದು. ಅದನ್ನು ಪೂರ್ತಿ ಕಳಿಸು. ನಿನ್ನನ್ನು ಕ್ಷಮಿಸಿದ್ದೇನಾ ಎಂದು ಕೇಳಬೇಡ. ನನ್ನ ತಪ್ಪನ್ನೇ ನಾನು ಇನ್ನೂ ಎಲ್ಲಿಡಲಿ ಎಂದು ಹುಡುಕುತ್ತಿದ್ದೇನೆ.

ಮೇಲೆ 'ಕಳಿಸು' ಎನ್ನುವುದಕ್ಕೆ ಮೊದಲು 'ತಾಳ ತೆಗೆದು' ಎಂದು ಬರೆದಿದ್ದೆ, ಆಮೇಲೆ ಅದನ್ನು ಹೊಡೆದುಹಾಕಿ ಈ ಹೊಸ ಹಾಳೆಯಲ್ಲಿ ಅದಿಲ್ಲದೆ ಪ್ರತಿ ಮಾಡಿದೆ. ನೆನಪಿನಲ್ಲೇ ಒಂದು ಹಾಡು ನುಡಿಸಲು ನೋಡಿದೆ, ನಿನ್ನ ಟಕಟಕ ಇಲ್ಲದೆ ಎಲ್ಲಿ ಶುರು ಮಾಡಬೇಕು ಎನ್ನುವುದೇ ಗೊತ್ತಾಗಲಿಲ್ಲ. ಇದ್ದದ್ದು ಇದ್ದ ಹಾಗೇ ಕಳಿಸು. ನನ್ನ ಹೆಸರಿಗೆ ಕಳಿಸು, ಅಪ್ಪನ ಹೆಸರಿಗೆ ಬೇಡ.

ಅಕ್ಕ